ಮೂವರು ವರ್ತಕರು, ಒಂದು ಹಣದ ಚೀಲ

ಮೂವರು ವರ್ತಕರು ದಾರಿಯಲ್ಲಿ ಹೋಗುವಾಗ ಯಾರೋ ಬೀಳಿಸಿಕೊಂಡ ಹಣದ ಚೀಲವೊಂದನ್ನು ನೋಡುತ್ತಾರೆ. ಅದು ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡು ಪಟ್ಟು ತನ್ನಲ್ಲಿರುತ್ತದೆ ಎನ್ನುತ್ತಾನೆ ಮೊದಲನೆಯವ. ತನಗಾದರೆ ಮೂರು ಪಟ್ಟು ಎನ್ನುತ್ತಾನೆ ಎರಡನೆಯವ, ಐದು ಪಟ್ಟು ಎನ್ನುತ್ತಾನೆ ಮೂರನೆಯವ. ಹಾಗಾದರೆ ಚೀಲದಲ್ಲಿ ಎಷ್ಟಿದೆ? ಒಬ್ಬೊಬ್ಬರ ಕೈಯಲ್ಲಿ ಎಷ್ಟಿದೆ?

ಇದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದ ಲೆಕ್ಕ. ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ಈ ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಹೊಗಳಿಕೆ ಇದೆ. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡ. ಇಂದು ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಅಕ್ಕಲಕೋಟೆ, ಸೊಲ್ಲಾಪುರದ ಸೀಮೆ ಅಂದು ಅದೇ ರಾಜ್ಯದ ನೆಲ. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದ ಈ ಗ್ರಂಥ, 1963ರಲ್ಲಿ ಹಿಂದಿ ಅನುವಾದದೊಂದಿಗೆ ಹೊರಬಂದದ್ದು ಸೊಲ್ಲಾಪುರದಿಂದಲೇ.

ಅದರಲ್ಲಿ ಇನ್ನೂ ಸುಲಭದ ಲೆಕ್ಕವೊಂದಿದೆ. 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು ಬೆಲೆ 107. 7 ಮಾದಲ, 9 ಬೇಲಕ್ಕೆ 101. ಎರಡನ್ನೂ ಕೂಡಿದರೆ 16 ಜೋಡಿಗೆ 208, ಅಂದರೆ ಒಂದು ಜೋಡಿಗೆ 13. ಕಳೆದರೆ ಎರಡು ಮಾದಲಕ್ಕೂ ಎರಡು ಬೇಲಕ್ಕೂ ಇರುವ ವ್ಯತ್ಯಾಸ 6, ಅಂದರೆ ಒಂದೊಂದಕ್ಕೆ 3. ಮಾದಲ 8, ಬೇಲ 5. ನಮ್ಮ ಬಂದರಿನ ಹಳೆಯ ಅಂಗಡಿಯವರು ಇದನ್ನು ಪೆನ್ನು ಹಿಡಿಯದೆ ಹೇಳಿಬಿಡುತ್ತಿದ್ದರು.

ಬ್ಯಾರಿ ಎಂಬ ಹೆಸರೇ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತು ಎನ್ನುವವರು ನಮ್ಮಲ್ಲಿ ಅನೇಕರು. ಹಾಗಾಗಿ ಈ ಕಾಲ ನಮಗೆ ದೂರದ್ದಲ್ಲ. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ 851ರ ಅರಬಿ ಬರಹವೊಂದು ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ‘ಬಲ್ಹರಾ’ನನ್ನೂ ಎಣಿಸುತ್ತದೆ; ಅವನಿಗೆ ಅರಬರೆಂದರೆ ಪ್ರೀತಿ ಎನ್ನುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ರಾಷ್ಟ್ರಕೂಟ ದೊರೆ. ಆ ಹೊತ್ತಿಗೆ ಸಿಂಹಾಸನದಲ್ಲಿದ್ದವನು ಅಮೋಘವರ್ಷನೇ.

ಅದಕ್ಕೆ ತುಸು ಮೊದಲು, ಖಲೀಫ ಮಾಮೂನನ ಕಾಲದಲ್ಲಿ (813–833), ಬಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ‘ಅಲ್-ಜಬ್ರ್’ ಎಂಬ ಹೆಸರು ಹೊತ್ತ ಪುಸ್ತಕ ಬರೆದರು. ಆಲ್‌ಜೀಬ್ರಾ ಎಂಬ ಪದ ಬಂದದ್ದು ಅಲ್ಲಿಂದಲೇ. ಅದರ ದೊಡ್ಡ ಭಾಗ ವಾರಸುದಾರರ ಪಾಲಿನ ಲೆಕ್ಕ. ಭಾರತದ ಅಂಕಿಗಳ ಬಗ್ಗೆಯೂ ಅವರು ಬೇರೆ ಪುಸ್ತಕ ಬರೆದರು, ಅವು ಭಾರತದವೆಂದು ಹೇಳಿಯೇ.

ವಾಟ್ಸಾಪಿನಲ್ಲಿ ಕೆಲವರು ಅರಬರು ಎಲ್ಲವನ್ನೂ ಕದ್ದರು ಎನ್ನುತ್ತಾರೆ, ಕೆಲವರು ಎಲ್ಲವೂ ಅರಬರದ್ದೇ ಎನ್ನುತ್ತಾರೆ. ಮಕ್ಕಳು ಎರಡನ್ನೂ ಓದುತ್ತಾರೆ. ಖ್ವಾರಿಝ್ಮಿ ಮುಖ್ಯವಾಗಿ ಬಿಡಿಸಿದ್ದು ಒಂದೇ ಅಜ್ಞಾತ ಸಂಖ್ಯೆಯ ಸಮೀಕರಣ, ಅದರ ವರ್ಗ ಸಹಿತ. ಮಹಾವೀರರ ಚೀಲದಲ್ಲಿ ನಾಲ್ಕು ಅಜ್ಞಾತಗಳು. ಇನ್ನು ಚೀನಾದ ‘ಒಂಬತ್ತು ಅಧ್ಯಾಯಗಳು’ ಇಬ್ಬರಿಗಿಂತಲೂ ಎಷ್ಟೋ ಹಳೆಯದು. ಅದರಲ್ಲಿ ಇಂಥ ಲೆಕ್ಕಗಳಿಗೇ ಒಂದು ಅಧ್ಯಾಯವಿದೆ.

ಈಗ ಚೀಲಕ್ಕೆ ಬರೋಣ. ಎಲ್ಲರ ಹಣವನ್ನೂ ಚೀಲವನ್ನೂ ಸೇರಿಸಿ 24 ಎಂದಿಟ್ಟುಕೊಳ್ಳಿ. ಮೊದಲನೆಯವನಿಗೆ ಚೀಲ ಸಿಕ್ಕರೆ ಉಳಿದಿಬ್ಬರದು ಒಟ್ಟಿನ ಮೂರನೇ ಒಂದು ಪಾಲು, 8. ಎರಡನೆಯವನಿಗಾದರೆ ನಾಲ್ಕನೇ ಒಂದು, 6. ಮೂರನೆಯವನಿಗಾದರೆ ಆರನೇ ಒಂದು, 4. ಈ ಮೂರರ ಮೊತ್ತ 18. ಇದರಲ್ಲಿ ಪ್ರತಿಯೊಬ್ಬನೂ ಎರಡು ಸಲ ಬಂದಿದ್ದಾನೆ, ಆದ್ದರಿಂದ ಮೂವರ ಹಣ 9. ಚೀಲದಲ್ಲಿ 15. ಕೈಯಲ್ಲಿ 1, 3, 5. ಅಜ್ಞಾತ ನಾಲ್ಕು, ಮಾತು ಮೂರೇ. ಹಾಗಾಗಿ 30, 2, 6, 10 ಎಂದರೂ ಸರಿಯೇ.