ಸಚಿತ್ರ ಹಸ್ತಪ್ರತಿಗಳು (ಕಲಬುರಗಿ ಸೀಮೆ)

ಚಿತ್ರ ಮತ್ತು ಬರಹ ಎರಡನ್ನೂ ಕೈಯಲ್ಲೇ ಮೂಡಿಸಿ ಕಟ್ಟಿದ ಗ್ರಂಥಗಳು. ಕಲಬುರಗಿ, ಕಮಲಾಪುರ, ಮಳಖೇಡ, ಸುರಪುರಗಳನ್ನು ಒಳಗೊಂಡ ಸೀಮೆಗೆ ಇಂಥ ಗ್ರಂಥಗಳ ನಂಟು ರಾಷ್ಟ್ರಕೂಟರ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಆದರೆ ಗ್ರಂಥ ರಚನೆಯಾದ ಊರು, ಪ್ರತಿ ಬರೆದ ಊರು, ಅದನ್ನು ಕಾಪಾಡಿದ ಊರು ಬೇರೆಬೇರೆಯಾಗಿರುತ್ತವೆ ಎಂಬುದನ್ನು ಮರೆತ ಬರಹಗಳಿಂದ ಈ ಚರಿತ್ರೆಯಲ್ಲಿ ಗೊಂದಲ ಬೆಳೆದಿದೆ.

ಧವಳಾ ಪ್ರತಿಗಳು: ಗೊಂದಲ ಎದ್ದು ಕಾಣುವುದು ಇಲ್ಲಿ. ದಿಗಂಬರ ಜೈನರ ಆಗಮ ಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯ ಬರೆದ ವ್ಯಾಖ್ಯಾನವೇ ಧವಳಾ. ಅದು ಮುಗಿದದ್ದು 816ರಲ್ಲಿ ಎಂಬುದು ಸಂಪಾದಕ ಹೀರಾಲಾಲ್ ಜೈನರ ಎಣಿಕೆ. ಈ ಎಣಿಕೆಗೆ ಆಧಾರವಾದ, ಗ್ರಂಥದ ಕೊನೆಯ ಪ್ರಶಸ್ತಿ ಪದ್ಯವನ್ನು ಬೇರೆ ರೀತಿ ಓದಿದ ಜ್ಯೋತಿಪ್ರಸಾದ್ ಜೈನರು 780ರ ಸುಮಾರಿಗೆ ಹೋಗುತ್ತಾರೆ. ವೀರಸೇನರು ಅರ್ಧಕ್ಕೆ ಬಿಟ್ಟ ಜಯಧವಳಾ ಎಂಬ ಇನ್ನೊಂದು ವ್ಯಾಖ್ಯಾನವನ್ನು ಶಿಷ್ಯ ಜಿನಸೇನರು 837ರಲ್ಲಿ ಪೂರೈಸಿದರು. ಜಿನಸೇನರು ಅಮೋಘವರ್ಷ ನೃಪತುಂಗನ ಗುರು, ನೃಪತುಂಗನ ರಾಜಧಾನಿ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಇಷ್ಟನ್ನೇ ಹಿಡಿದು ಧವಳಾದ ಚಿತ್ರಗಳನ್ನೂ ಮಳಖೇಡದ ಲೆಕ್ಕಕ್ಕೆ ಬರೆಯುವುದು ಸಲ್ಲದು. ಗ್ರಂಥ ಮುಗಿದ ವಾಟಗ್ರಾಮ ಯಾವುದೆಂಬುದೇ ಚರ್ಚೆಯಲ್ಲಿದೆ. ನಾಸಿಕದ ಕಡೆಯ ಊರೆಂದು ಕೆಲವರು, ಬಡೋದೆಯೆಂದು ಕೆಲವರು. ಚಿತ್ರಗಳಿರುವ ತಾಳೆಗರಿ ಪ್ರತಿಯಂತೂ ಮೂರು ಶತಮಾನದಷ್ಟು ಈಚಿನದು, ಹೊಯ್ಸಳರ ಕಾಲದ್ದು. ದೇಮಿಯಕ್ಕ ಎಂಬ ಶ್ರಾವಕಿ ಇದನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನ ಮಾಡಿದಳು. ಶುಭಚಂದ್ರರು 1123ರಲ್ಲಿ ತೀರಿಕೊಂಡದ್ದಕ್ಕೆ ಶ್ರವಣಬೆಳಗೊಳದ ಶಾಸನದ ಆಧಾರವಿರುವುದರಿಂದ ಪ್ರತಿಯನ್ನು 1113–1120ರ ನಡುವೆ ಇಡುವುದು ರೂಢಿ.

ಈ ಪ್ರತಿಯ ಗರಿ ಶ್ರೀತಾಳದ್ದು. ಹಳಗನ್ನಡ ಲಿಪಿಯನ್ನು ಕಂಟದಿಂದ (ಬರೆಯುವ ಕಬ್ಬಿಣದ ಕಡ್ಡಿಯಿಂದ) ಕೊರೆಯದೆ ಮಸಿಯಲ್ಲಿ ಬರೆಯಲಾಗಿದೆ. ಗರಿಯ ನಡುವೆಯೋ ತುದಿಯಲ್ಲೋ ಜಾಗ ಬಿಟ್ಟು ಜಿನರು, ಯಕ್ಷ-ಯಕ್ಷಿಯರು, ಕೈಮುಗಿದ ಶ್ರಾವಕರು ಮೂಡಿದ್ದಾರೆ. ದಾರ ಪೋಣಿಸುವ ತೂತಿಗೂ ಚಿತ್ರಕ್ಕೂ ದಾರಿ ಬಿಟ್ಟು ಸಾಲುಗಳು ತುಂಡಾಗಿ ಸಾಗುತ್ತವೆ. ಲಿಪಿಕಾರನೂ ಚಿತ್ರಕಾರನೂ ಮೊದಲೇ ಜಾಗ ಹಂಚಿಕೊಂಡಿದ್ದರೆನ್ನಲು ಇಷ್ಟು ಸಾಕು.

ಧವಳಾ ಪ್ರತಿಗಳು ಉಳಿದುಬಂದ ಮೂಡಬಿದಿರೆಯ ಬಸದಿಯಲ್ಲಿ ಅವುಗಳಿಗೆ ಸಲ್ಲುತ್ತಿದ್ದದ್ದು ಪೂಜೆ, ಓದಲ್ಲ. 1896ರಲ್ಲಿ ನಾಗರಿ ಲಿಪಿಗೆ ಇಳಿಸುವ ಕೆಲಸ ಶುರುವಾಯಿತು. ಅದರಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲೇ ಗುಟ್ಟಾಗಿ ಕನ್ನಡ ಪ್ರತಿಯೊಂದನ್ನು ಮಾಡಿಕೊಂಡರು. ಅದು ಸಹಾರನ್‌ಪುರ ಸೇರಿತು. ಗ್ರಂಥ ಹೊರಗಿನ ಲೋಕಕ್ಕೆ ಸಿಕ್ಕಿದ್ದು ಈ ದಾರಿಯಿಂದ, ಮುದ್ರಣ ಆರಂಭವಾದದ್ದು 1939ರಲ್ಲಿ. ಚಿತ್ರಗಳ ಸರದಿ ಬಂದದ್ದು ಇನ್ನೂ ತಡವಾಗಿ, ಸರಯೂ ದೋಷಿ ಮೊದಲಾದ ಕಲಾ ಇತಿಹಾಸಕಾರರ ಬರಹಗಳ ಮೂಲಕ.

ಕಡತ: ತಾಳೆಗರಿಯ ಜೊತೆಜೊತೆಗೇ ಕನ್ನಡನಾಡಿನಲ್ಲಿ ಬಳಕೆಯಲ್ಲಿದ್ದ ಬಟ್ಟೆಯ ಪುಸ್ತಕ. 1810ರಲ್ಲಿ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಕೊಟ್ಟ ವಿವರ ಇಂದಿಗೂ ಉಪಯುಕ್ತ. 8 ಅಂಗುಲದಿಂದ ಒಂದು ಅಡಿ ಅಗಲದ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಗೆ ಅಂಟು ಮತ್ತು ಇದ್ದಿಲಪುಡಿ ಕಲಸಿ ಎರಡೂ ಕಡೆ ಬಳಿಯುತ್ತಿದ್ದರು. ಅಂಟಿಗೆ ಹುಣಸೆಬೀಜದ ಸರಿ ಬಳಕೆಯಲ್ಲಿತ್ತು. ಒಣಗಿದ ಮೇಲೆ ಕತ್ತರಿಸದೆ ಸಮಪಾಲಾಗಿ ಮಡಚಿ ಬಳಪದಿಂದ ಬರೆಯುವುದು; ಬೇಡವಾದರೆ ಅಳಿಸಿ ಮತ್ತೆ ಬರೆಯುವುದು. ಲೆಕ್ಕಪತ್ರಕ್ಕಷ್ಟೇ ಸಾಕಾಗುವ ಈ ಸಾಧನಕ್ಕೂ ಎರಡೂ ತುದಿಗೆ ಬಣ್ಣ ಹಚ್ಚಿ ಮೆರುಗು ಕೊಟ್ಟ ಮರದ ಹಲಗೆ ಕೂರಿಸುತ್ತಿದ್ದರು. ಕಲಾಚರಿತ್ರೆಗಳು ಈ ಹಲಗೆಗಳನ್ನು ಗಮನಿಸಿದ್ದು ಕಡಿಮೆ.

ಬಹಮನಿ ಕಾಲ: 1347ರಿಂದ ಕಲಬುರಗಿ ರಾಜಧಾನಿ, ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಅದು ಬೀದರ್‌ಗೆ ಹೋಯಿತು. 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾದ ಗ್ರಂಥಾಲಯದಲ್ಲಿ ಅರಬ್ಬಿ, ಫಾರ್ಸಿ, ಉರ್ದು ಹಸ್ತಪ್ರತಿಗಳಿವೆ. ಇಷ್ಟೊಂದು ಬರಹವಿದ್ದ ಊರಿನಲ್ಲಿ ಚಿತ್ರವಿರುವ ಪುಸ್ತಕ ತಯಾರಾಗಿರಲೇಬೇಕೆಂದು ಹಲವರು ಬರೆದಿದ್ದಾರೆ. ಊಹೆ ಸಹಜ, ಆದರೆ ಬಹಮನಿ ಕಲಬುರಗಿಯದೇ ಎಂದು ಎಲ್ಲರೂ ಒಪ್ಪಿದ ಸಚಿತ್ರ ಗ್ರಂಥ ಒಂದೂ ಇಲ್ಲ. ಲಂಡನ್ನಿನಲ್ಲಿರುವ, 1438ರ ತೇದಿಯ, ಫಾರ್ಸಿ ಮಹಾಕಾವ್ಯ ಶಾಹನಾಮೆಯ ಸಚಿತ್ರ ಪ್ರತಿಯನ್ನು ಭಾರತದ್ದೆಂದು ಕೆಲವರು ಗುರುತಿಸಿದ್ದರೂ ಪ್ರಾಂತ್ಯ ತೀರ್ಮಾನವಾಗಿಲ್ಲ. ಗಟ್ಟಿ ಆಧಾರ ಸಿಗುವುದು ಗೋಡೆಯ ಮೇಲೆ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ಸೇರಿದರೆ, ಹತ್ತಿರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯ ಒಳಮೈ ತುಂಬ ಬಂಗಾರ, ಬಣ್ಣ, ಬಳ್ಳಿ ಮತ್ತು ಬರಹ. ಕೆಲಸ ಮಾಡಿದವರಲ್ಲಿ ಶುಕ್ರುಲ್ಲಾ ಕಜ್ವೀನಿ ಎಂಬಾತನ ಹೆಸರು ಅಲ್ಲೇ ಇದೆ.

ವಿಜಯಪುರ: ನೆರೆಯ ಆದಿಲ್‌ಶಾಹಿ ಆಸ್ಥಾನದ ನುಜೂಮ್-ಉಲ್-ಉಲೂಮ್ (1570) ಈ ಭಾಗದ ಸಚಿತ್ರ ಗ್ರಂಥಗಳಲ್ಲೇ ವಿಲಕ್ಷಣ. ಗ್ರಹತಾರೆ, ಯಂತ್ರ-ತಂತ್ರ, ಕುದುರೆ, ಆನೆ, ಆಯುಧ ಎಲ್ಲವೂ ಒಂದೇ ಫಾರ್ಸಿ ಪುಸ್ತಕದಲ್ಲಿ. ಯೋಗಿನಿಯರನ್ನು ನೆನಪಿಸುವ ಸ್ತ್ರೀಶಕ್ತಿಗಳ ಸಾಲೇ ಇದೆ. ಇಲ್ಲಿ ಚಿತ್ರ ಅಲಂಕಾರವಲ್ಲ, ಅದಿಲ್ಲದೆ ಪಠ್ಯ ಅರ್ಥವಾಗದು. ಕರ್ತೃ ಯಾರೆಂಬುದು ಬಹುಕಾಲ ಅಸ್ಪಷ್ಟವಾಗಿತ್ತು. ಒಂದನೆಯ ಅಲಿ ಆದಿಲ್‌ ಷಾನೇ ಬರೆದನೆಂದು ಇತಿಹಾಸಕಾರ್ತಿ ಎಮ್ಮಾ ಫ್ಲಾಟ್ ವಾದಿಸಿದ್ದಾರೆ. ಪ್ರತಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಸುರಪುರ: ಈಗ ಯಾದಗಿರಿ ಜಿಲ್ಲೆ, 2009ರ ಕೊನೆಯವರೆಗೆ ಕಲಬುರಗಿ ಜಿಲ್ಲೆಯಲ್ಲಿತ್ತು. ಬೇಡ ನಾಯಕ ಅರಸರ ಆಶ್ರಯದಲ್ಲಿ ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಗರುಡಾದ್ರಿ ಮನೆತನದ ಚಿತ್ರಗಾರರು ನವಿರು ಗೆರೆ, ಬಂಗಾರದ ಲೇಪದ ಶೈಲಿಯೊಂದನ್ನು ಬೆಳೆಸಿದರು. ದೇವತೆಗಳು, ಪುರಾಣ ಪ್ರಸಂಗಗಳು, ಅರಸರ ಭಾವಚಿತ್ರಗಳು ಇದರ ವಸ್ತು. ಇವುಗಳಲ್ಲಿ ಹೆಚ್ಚಿನವು ಬಿಡಿ ಹಾಳೆಗಳು. ಸುರಪುರ ಚಿತ್ರ ಎಂದೊಡನೆ ಸಚಿತ್ರ ಗ್ರಂಥ ಎಂದು ಸೇರಿಸಿಬಿಡುವುದು ಸರಿಯಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಮರಣ, ಬಳಿಕ ಸಂಸ್ಥಾನ ನಿಜಾಮನ ಕೈಸೇರಿದ್ದರಿಂದ ಆಶ್ರಯ ಕಡಿಯಿತು.

ಇಪ್ಪತ್ತನೆಯ ಶತಮಾನ: ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ (1916–1993) ಕ್ಯಾಲೆಂಡರ್, ಸಿನಿಮಾ ಪೋಸ್ಟರುಗಳಿಂದ ಮನೆಮಾತಾದದ್ದು ಮುಂಬಯಿಯಲ್ಲಿ. ಚಿತ್ರ ಮತ್ತು ಅಕ್ಷರದ ನಂಟು ಆ ಹೊತ್ತಿಗೆ ಅಚ್ಚಿನ ಯಂತ್ರಕ್ಕೆ ದಾಟಿತ್ತು. ಕಲಬುರಗಿ ನಗರದ ಕಲಾವಿದ ವಿಜಯ ಹಾಗರಗುಂಡಗಿ ಸುರಪುರ ಶೈಲಿಯನ್ನು ಮತ್ತೆ ಕೈಗೆತ್ತಿಕೊಂಡರು. ಕೈಯಲ್ಲೇ ಬರೆದು, ಚಿತ್ರ ಬಿಡಿಸಿ, ಹೊಲಿದು ಪುಸ್ತಕ ಮಾಡುವ ಅಭ್ಯಾಸ ಮಾತ್ರ ಕಲಾಶಾಲೆಗಳಿಗಿಂತ ಹೆಚ್ಚಾಗಿ ಕನ್ನಡ ಶಾಲೆ-ಕಾಲೇಜುಗಳ ಕೈಬರಹದ ಪತ್ರಿಕೆಗಳಲ್ಲಿ ಉಳಿಯಿತು. ಪ್ರತಿ ಒಂದೇ ಇರುವುದರಿಂದ ಇವು ಗ್ರಂಥಸೂಚಿಗಳಿಗೆ ಸೇರುವುದು ಅಪರೂಪ.