ಭುಜದ ಮೇಲಿನ ಗುರುತು: ಹಳೆಯ ಛಾಯಾಚಿತ್ರಗಳ ಸೈನಿಕರನ್ನು ಕುರಿತು

ದೇವಾಲಯದ ಸ್ವರೂಪಗಳ ಅಡಿಯಲ್ಲಿ ಹೆಸರು ಬರೆದಿರದಿದ್ದರೂ ಅವು ಯಾರವೆಂದು ನಮ್ಮ ಭಕ್ತಾದಿಗಳು ತಡವರಿಸದೆ ಹೇಳಬಲ್ಲರು. ಕೈಯಲ್ಲಿ ಬೀಗದ ಕೈಗಳಿದ್ದರೆ ಸಂತ ಪೇತ್ರರು, ಮೈಗೆ ಬಾಣಗಳು ನಾಟಿದ್ದರೆ ಸಂತ ಸೆಬಾಸ್ತಿಯಾನರು, ತೋಳಿನಲ್ಲಿ ಬಾಲಯೇಸುವಿದ್ದರೆ ಪಾದುವಾದ ಸಂತ ಅಂತೋಣಿಯವರು. ಸಂತ ಯೊವಾನ್ನರ ಪಕ್ಕದಲ್ಲಿ ಹದ್ದು ಇದ್ದೇ ಇರುತ್ತದೆ. ಅಕ್ಷರವನ್ನರಿಯದ ನಮ್ಮ ಹಿರಿಯರೂ ಈ ಗುರುತುಗಳನ್ನು ಪುಸ್ತಕದಂತೆ ಓದುತ್ತಿದ್ದರು.

ಶತಮಾನೋತ್ಸವದ ಈ ವರ್ಷದಲ್ಲಿ ಮನೆಗಳ ಪೆಟ್ಟಿಗೆಗಳಿಂದ ಹೊರಬರುವ ಹಳೆಯ ಛಾಯಾಚಿತ್ರಗಳ ವಿಷಯದಲ್ಲಿಯೂ ಇಂಥದೇ ಒಂದು ಓದು ಅವಶ್ಯವಾಗಿದೆ. ಸಮವಸ್ತ್ರ ಧರಿಸಿದ ಯುವಕನೊಬ್ಬನ ಚಿತ್ರವಿದೆ, ಆದರೆ ಅದರ ಬೆನ್ನಿನಲ್ಲಿ ಹೆಸರಿಲ್ಲ, ಊರಿಲ್ಲ. ‘ಅಜ್ಜನ ಅಣ್ಣನಂತೆ, ಯುದ್ಧಕ್ಕೆ ಹೋಗಿದ್ದನಂತೆ’ ಎಂಬಲ್ಲಿಗೆ ಮನೆಯವರ ನೆನಪು ನಿಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿ ಸೇವೆ ಸಲ್ಲಿಸಿದರು; ಅವರಲ್ಲಿ 87 ಸಾವಿರಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. ಇಂಥ ಚಿತ್ರದಲ್ಲಿ ಮುಖದ ಬಳಿಕ ನಾವು ನೋಡಬೇಕಾದುದು ಭುಜದ ಕೆಳಗೆ ತೋಳಿಗೆ ಹೊಲಿದ ಚಿಕ್ಕ ಬಟ್ಟೆಯ ತುಂಡನ್ನು, ಅಂದರೆ ಭುಜಲಾಂಛನವನ್ನು.

ಈ ಲಾಂಛನವು ಸೈನಿಕನ ರೆಜಿಮೆಂಟಿನದಲ್ಲ, ಆತನಿದ್ದ ಡಿವಿಷನ್ನಿನದು. ರೆಜಿಮೆಂಟನ್ನು ತಿಳಿಯಲು ಟೋಪಿಯ ಬಿಲ್ಲೆಯನ್ನೂ ಹೆಗಲಪಟ್ಟಿಯ ಹಿತ್ತಾಳೆಯ ಅಕ್ಷರಗಳನ್ನೂ ನೋಡಬೇಕು. ಹಲವು ರೆಜಿಮೆಂಟುಗಳ ಪಡೆಗಳನ್ನು ಕೂಡಿಸಿ ಕಟ್ಟಿದ, ಸಾವಿರಾರು ಜನರ ದೊಡ್ಡ ದಳವೇ ಡಿವಿಷನ್. ಆ ದಳವು ಯಾವ ದೇಶದಲ್ಲಿ, ಯಾವ ಸಮಯದಲ್ಲಿ ಹೋರಾಡಿತೆಂಬುದು ಇತಿಹಾಸದಲ್ಲಿ ದಾಖಲಾಗಿದೆ. ಆದುದರಿಂದ ಲಾಂಛನವನ್ನು ಗುರುತಿಸಿದರೆ ಸೈನಿಕನು ನಡೆದ ದಾರಿಯ ಸುಳಿವು ದೊರೆಯುತ್ತದೆ. ಲಾಂಛನದಲ್ಲಿ ಅಂಕಿ ಅಕ್ಷರಗಳನ್ನು ಬಿಟ್ಟು ಚಿತ್ರಗಳನ್ನೇ ಬಳಸಿದುದಕ್ಕೆ ಕಾರಣವಿತ್ತು: ತಮ್ಮವರಿಗೆ ಗುರುತು ಸಿಗಬೇಕು, ಶತ್ರುವಿಗೆ ದಳದ ಹೆಸರು ತಿಳಿಯಬಾರದು.

ಭಾರತೀಯ ದಳಗಳ ಕೆಲವು ಲಾಂಛನಗಳನ್ನು ಇಲ್ಲಿ ಹೇಳಬಹುದು. ಕಪ್ಪು ಚೌಕದ ಮೇಲೆ ಕೆಂಪು ಹದ್ದು 4ನೆಯ ಡಿವಿಷನ್ನಿನದು. ಅದು ಉತ್ತರ ಆಫ್ರಿಕ, ಎರಿಟ್ರಿಯ ಮತ್ತು ಇಟಲಿಗಳಲ್ಲಿ ಹೋರಾಡಿತು. ಕಪ್ಪಿನ ಮೇಲೆ ಬರಿಯ ಕೆಂಪು ವೃತ್ತವಿದ್ದರೆ 5ನೆಯದು. ಕಪ್ಪು ಬೆಕ್ಕು 1942ರಲ್ಲಿ ಬರ್ಮದಿಂದ ಹಿಮ್ಮೆಟ್ಟಿ, 1945ರಲ್ಲಿ ಅಲ್ಲಿಗೇ ಮರಳಿದ 17ನೆಯ ಡಿವಿಷನ್ನಿನದು. ಕಠಾರಿ ಹಿಡಿದ ಕೈ, 1945ರ ಮಾರ್ಚಿಯಲ್ಲಿ ಮಾಂಡಲೆಯನ್ನು ಹಿಡಿದ 19ನೆಯದರ ಗುರುತು. ಇಸ್ಪೀಟಿನ ಕಪ್ಪು ಎಕ್ಕವನ್ನು ಹಸಿರು ಬಟ್ಟೆಯ ಮೇಲೆ ಧರಿಸಿದವರು 25ನೆಯ ಡಿವಿಷನ್ನಿನವರು. ಈ ದಳವು 1942ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ರಚಿತವಾಗಿ ಅನಂತರ ಅರಕಾನಿನಲ್ಲಿ ಕಾದಿತು.

ಆದರೆ ಇಲ್ಲಿ ಅವಸರ ಸಲ್ಲದು. ಹಿಂದಿನ ಅನೇಕ ಫಿಲ್ಮುಗಳು ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ; ಚಿತ್ರದಲ್ಲಿ ಕೆಂಪು ಕಪ್ಪಾಗಿ ಮೂಡುತ್ತಿತ್ತು. ಹೀಗಾಗಿ ಕೆಂಪು ಹದ್ದು ಕಪ್ಪು ಚೌಕದಲ್ಲಿ ಅಡಗಿ, ಅಲ್ಲಿ ಏನೂ ಇಲ್ಲವೆಂಬಂತೆ ತೋರಬಹುದು. ಭೂತಗನ್ನಡಿ ಹಿಡಿದು, ಓರೆ ಬೆಳಕಿನಲ್ಲಿ ನೋಡಿದರೆ ಕೆಲವೊಮ್ಮೆ ರೆಕ್ಕೆಯ ಅಂಚು ಕಾಣಿಸುತ್ತದೆ. 19ನೆಯದರ ಕೆಂಪು ನೆಲವೂ ಹಾಗೆಯೇ ಕಪ್ಪಾಗಿ, ಕಪ್ಪು ನೆಲದ ಮೇಲೆ ತಲವಾರು ಹಿಡಿದ ಕೈಯುಳ್ಳ 20ನೆಯ ಡಿವಿಷನ್ನೆಂದು ಭ್ರಮೆ ಹುಟ್ಟಿಸೀತು. ಆಗ ಆಯುಧದ ಉದ್ದವನ್ನು ಗಮನಿಸಬೇಕು. ಪದಕದ ಪಟ್ಟಿಗಳು ಸೈನಿಕನ ಎಡ ಎದೆಯ ಮೇಲಿರತಕ್ಕವು. ಬಲಗಡೆ ಕಂಡರೆ ಚಿತ್ರವನ್ನು ತಿರುಗುಮುರುಗಾಗಿ ಮುದ್ರಿಸಲಾಗಿದೆ ಎಂದರ್ಥ. ಹದ್ದು ಕಂಡ ಮಾತ್ರಕ್ಕೆ ಮಹಾಯುದ್ಧದ ಚಿತ್ರವೆಂದೂ ತೀರ್ಮಾನಿಸಲಾಗದು, ಏಕೆಂದರೆ ಸ್ವಾತಂತ್ರ್ಯಾನಂತರವೂ 4ನೆಯ ಡಿವಿಷನ್ ಉಳಿಯಿತು. 1962ರಲ್ಲಿ ಚೀನೀಯರನ್ನು ಎದುರಿಸಿದ ದಳಗಳಲ್ಲಿ ಅದೂ ಒಂದು. ಅಧಿಕಾರಿಯ ಹೆಗಲಿನಲ್ಲಿ ಕಿರೀಟವಿದ್ದರೆ ಚಿತ್ರವು ಬ್ರಿಟಿಷರ ಕಾಲದ ಸಮವಸ್ತ್ರದ್ದು. ಅಶೋಕನ ಸಿಂಹಗಳಿದ್ದರೆ ಅದು ಗಣರಾಜ್ಯವಾದ 1950ರ ಈಚಿನದು.

ಕೆಂಪು ಹದ್ದಿನ ಕಥೆ ಕಥೋಲಿಕರಾದ ನಮಗೆ ವಿಶೇಷವಾದುದು. 1944ರ ಫೆಬ್ರವರಿಯಲ್ಲಿ ಆ ಲಾಂಛನವನ್ನು ಧರಿಸಿದ್ದವರು ಇಟಲಿಯ ಮೊಂತೆ ಕಸಿನೊ ಬೆಟ್ಟದ ಬಳಿ ಕಾದುತ್ತಿದ್ದರು. ಬೆಟ್ಟದ ಮೇಲಿದ್ದುದು ಸಂತ ಬೆನೆದಿಕ್ತರು ಆರನೆಯ ಶತಮಾನದಲ್ಲಿ ಸ್ಥಾಪಿಸಿದ ಮಠ. ಕೆಳಗಿನ ಇಳಿಜಾರುಗಳನ್ನೆಲ್ಲ ಜರ್ಮನರು ಭದ್ರಪಡಿಸಿಕೊಂಡಿದ್ದರು. ತನ್ನ ಯೋಧರು ಆ ಬೆಟ್ಟವನ್ನೇರಬೇಕಾದರೆ ಮಠವನ್ನು ನೆಲಸಮ ಮಾಡಬೇಕೆಂದು 4ನೆಯ ಡಿವಿಷನ್ನಿನ ಸೇನಾಪತಿ ಜನರಲ್ ಟ್ಯೂಕರ್ ಆಗ್ರಹಪಡಿಸಿದನು. ಫೆಬ್ರವರಿ 15ರಂದು ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬುಗಳನ್ನು ಸುರಿಸಿ ಮಠವನ್ನು ಧ್ವಂಸಮಾಡಿದುವು. ಒಳಗೆ ಆಶ್ರಯ ಪಡೆದಿದ್ದ ಬಡ ಇಟಾಲಿಯನರು ಅನೇಕರು ಮಡಿದರು. ವೃದ್ಧ ಮಠಾಧಿಪತಿ ದಿಯಾಮರೆಯವರು ಬದುಕುಳಿದರು. ಜರ್ಮನ್ ಪಡೆ ಮಠದೊಳಗೆ ನೆಲೆಸಿರಲಿಲ್ಲವೆಂಬುದು ಬಳಿಕ ಸ್ಪಷ್ಟವಾಯಿತು. ಮಠ ಹಾಳಾದ ಮೇಲೆ ಅವರು ಆ ಅವಶೇಷಗಳನ್ನೇ ಕೋಟೆಯಾಗಿ ಮಾಡಿಕೊಂಡರು. ಬೆಟ್ಟವು ಅಂತಿಮವಾಗಿ ಮೇ 18ರಂದು ಪೋಲೆಂಡಿನ ಸೈನಿಕರ ವಶವಾಯಿತು.

ಆ ಇಳಿಜಾರುಗಳಲ್ಲಿ ಕನ್ನಡ ನಾಡಿನ ನಂಟೂ ಇತ್ತು. 1834ರಿಂದ ಬೆಂಗಳೂರನ್ನೇ ನೆಲೆಯಾಗಿಸಿಕೊಂಡ ಮದರಾಸು ಸ್ಯಾಪರ್ಸ್ ದಳದ ಕಂಪನಿಗಳು ಕೆಂಪು ಹದ್ದಿನ ಡಿವಿಷನ್ನಿನಲ್ಲಿದ್ದುವು. ರಸ್ತೆ ಕಡಿಯುವುದು, ಸೇತುವೆ ಕಟ್ಟುವುದು, ನೆಲಬಾಂಬುಗಳನ್ನು ಹುಡುಕಿ ತೆಗೆಯುವುದು ಅವರ ಕೆಲಸ. ಅವರಲ್ಲೊಬ್ಬರಾದ ಸುಬೇದಾರ್ ಸುಬ್ರಮಣ್ಯನ್ ಅವರು 1944ರ ಫೆಬ್ರವರಿ 24ರಂದು ಮಿನ್ಯಾನೊ ಎಂಬ ಊರಿನ ಬಳಿ, ಜೊತೆಗಾರನೊಬ್ಬನು ನೆಲಬಾಂಬನ್ನು ತುಳಿದಾಗ, ಅದರ ಮೇಲೆ ತಾವೇ ಬಿದ್ದು ಉಳಿದವರನ್ನು ರಕ್ಷಿಸಿ ಪ್ರಾಣ ಬಿಟ್ಟರು. ಮರಣೋತ್ತರವಾಗಿ ಅವರಿಗೆ ಜಾರ್ಜ್ ಕ್ರಾಸ್ ಪದಕವನ್ನು ನೀಡಲಾಯಿತು. ಗೆಳೆಯರಿಗಾಗಿ ಪ್ರಾಣ ಕೊಡುವ ಪ್ರೀತಿಯನ್ನು ಕುರಿತು ಕಡೆಯ ಭೋಜನದ ರಾತ್ರಿ ನಮ್ಮ ಪ್ರಭು ನುಡಿದುದನ್ನು ಇಲ್ಲಿ ಯಾರು ತಾನೆ ನೆನೆಯದಿರಬಲ್ಲರು?

ಒಂದೇ ತಿಂಗಳು, ಒಂದೇ ಡಿವಿಷನ್, ಒಂದೇ ಲಾಂಛನ. ಅದರ ಹೆಸರಿನಲ್ಲಿ ಪವಿತ್ರ ಸ್ಥಳವೊಂದು ನಾಶವಾಯಿತು. ಅದನ್ನೇ ಧರಿಸಿದ ತೋಳು ಜೊತೆಗಾರರ ಜೀವವನ್ನೂ ಉಳಿಸಿತು. ಆದುದರಿಂದ ಚಿತ್ರದಲ್ಲಿ ಹದ್ದನ್ನು ಕಂಡಾಗ ಮನೆಯವರು ಗರ್ವದಿಂದ ಬೀಗಬೇಕಾಗಿಲ್ಲ, ನಾಚಿ ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಲಾಂಛನವು ಮನುಷ್ಯನು ಎಲ್ಲಿದ್ದನೆಂದು ಸೂಚಿಸುತ್ತದೆ. ಅಲ್ಲಿ ಅವನು ಏನು ಮಾಡಿದನು, ಯಾವ ಮನಸ್ಸಿನಿಂದ ಮಾಡಿದನು ಎಂಬುದು ದೇವರಿಗೆ ಮಾತ್ರ ತಿಳಿದ ವಿಷಯ. ಮಠವು ಮತ್ತೆ ಎದ್ದು ನಿಂತಿತು. 1964ರ ಅಕ್ಟೋಬರ್ 24ರಂದು ಜಗದ್ಗುರು ಆರನೆಯ ಪೌಲರು ಅದನ್ನು ಪ್ರತಿಷ್ಠಾಪಿಸಿ, ಸಂತ ಬೆನೆದಿಕ್ತರನ್ನು ಯುರೋಪಿನ ಪಾಲಕರೆಂದು ಸಾರಿದರು. ಬೆಟ್ಟದ ಬುಡದ ಯುದ್ಧಸ್ಮಶಾನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸಮಾಧಿಗಳಿವೆ. ಭಾರತೀಯರೂ ಅಲ್ಲಿ ಮಲಗಿದ್ದಾರೆ.

ಕಲ್ಲಿನ ಮಠವನ್ನು ಹಳೆಯ ನಕ್ಷೆ ನೋಡಿ ಮತ್ತೆ ಕಟ್ಟಬಹುದು. ಮರೆತುಹೋದ ಹೆಸರನ್ನು ಹಾಗೆ ಕಟ್ಟಲಾಗದು. ಬಟ್ಟೆಯ ಲಾಂಛನದಿಂದ ದಳ ತಿಳಿದೀತು, ದೇಶ ತಿಳಿದೀತು, ವರ್ಷವೂ ತಿಳಿದೀತು; ಹೆಸರು ಮಾತ್ರ ಮನೆಯ ಹಿರಿಯರ ನಾಲಗೆಯಲ್ಲಿದೆ, ಇಲ್ಲವೆ ನಮ್ಮ ದೇವಾಲಯದ ಜ್ಞಾನಸ್ನಾನದ ದಾಖಲೆಯಲ್ಲಿದೆ. ಪ್ರಿಯ ಭಕ್ತಾದಿಗಳೇ, ಆ ಹಿರಿಯರು ಇನ್ನೂ ನಮ್ಮೊಡನಿರುವಾಗಲೇ ಅವರ ಬಳಿ ಕುಳಿತು ಕೇಳಿರಿ. ತಿಳಿದುದನ್ನು ಮೆದು ಪೆನ್ಸಿಲಿನಿಂದ ಚಿತ್ರದ ಹಿಂದೆ ಬರೆದಿಡಿರಿ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯ ಬಲಿಪೂಜೆಗೆ ನೀವು ಕೊಡುವ ಪಟ್ಟಿಯಲ್ಲಿ, ದೂರದೇಶದ ಮಣ್ಣಿನಲ್ಲಿ ಮಲಗಿರುವ ಆ ಯುವಕನ ಹೆಸರೂ ಸೇರಲಿ.