ಮೊದಲ ರೋಡ್ ಸೈಕಲ್: ಗೇರ್ ಎಣಿಸೋ ಮೊದಲು ಅಳತೆ ನೋಡಿ

ವಿಜಯಪುರ: ಬೆಳಗಿನ ಐದೂವರೆಗೆ ಅಥಣಿ ರಸ್ತೆಯಲ್ಲೋ ಸಿಂದಗಿ ರಸ್ತೆಯಲ್ಲೋ ನಿಂತರೆ, ಬಾಗಿದ ಹ್ಯಾಂಡಲ್‌ನ ಸೈಕಲ್ ಮೇಲೆ ತಲೆ ತಗ್ಗಿಸಿ ಸಾಲಾಗಿ ಹೋಗುವ ಹುಡುಗ–ಹುಡುಗಿಯರು ಕಾಣುತ್ತಾರೆ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಭಾಗಕ್ಕೆ ಇದು ಹೊಸ ನೋಟವಲ್ಲ. ರಾಜ್ಯಕ್ಕೆ ಪದಕ ತಂದ ಅನೇಕ ಸೈಕ್ಲಿಸ್ಟ್‌ಗಳು ಈ ಕಡೆಯವರು. ನಗರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾ ನಿಲಯವೂ ಇದೆ. ಈಚೆಗೆ ಈ ಹುಡುಗರ ಹಿಂದೆ ಮೇಷ್ಟ್ರು, ಬ್ಯಾಂಕ್ ನೌಕರರು, ಶುಗರ್ ಇಳಿಸಿಕೊಳ್ಳಲು ಹೊರಟವರೂ ಪೆಡಲ್ ತುಳಿಯುತ್ತಿದ್ದಾರೆ.

ಅಂಗಡಿಗೆ ಹೋದ ಹೊಸಬರು ಕೇಳೋ ಮೊದಲ ಪ್ರಶ್ನೆ ಒಂದೇ: ‘ಎಷ್ಟ್ ಗೇರ್ ಅದಾವ್ರೀ ಇದಕ್ಕ?’ ಎರಡನೆಯದು, ‘ಎಷ್ಟ್ ಹಗುರ ಐತಿ?’ ಕೇಳಬೇಕಾದ ಪ್ರಶ್ನೆ ಬೇರೆ. ‘ಇದು ನನ್ನ ಅಳತೀದ ಏನ್ರೀ?’ ಅರ್ಧ ಲಕ್ಷ ಕೊಟ್ಟು ತಂದ ಸೈಕಲ್ ಮೂರು ತಿಂಗಳಲ್ಲಿ ಅಟ್ಟ ಸೇರುವುದು ಗೇರ್ ಕಡಿಮೆ ಇದ್ದದ್ದಕ್ಕಲ್ಲ. ಬೆನ್ನು, ಮಂಡಿ, ಕುತ್ತಿಗೆ ನೋಯುವುದಕ್ಕೆ.

‘ಬೆಳೀತಾನ್ ಬಿಡ್ರೀ’ ಲೆಕ್ಕ ಇಲ್ಲಿ ನಡೆಯಲ್ಲ

ರೋಡ್ ಸೈಕಲ್‌ನ ಫ್ರೇಮಿಗೆ ಅಳತೆ ಇರುತ್ತದೆ: 48, 50, 52, 54, 56 ಹೀಗೆ ಸೆಂಟಿಮೀಟರ್‌ನಲ್ಲಿ, ಇಲ್ಲವೇ ಅಂಗಿಯ ಹಾಗೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂದು. 165 ಸೆಂ.ಮೀ. ಎತ್ತರದವರಿಗೆ ಸಾಮಾನ್ಯವಾಗಿ 50ರಿಂದ 52, 175 ಸೆಂ.ಮೀ. ಇದ್ದವರಿಗೆ 54ರ ಆಸುಪಾಸು. ಆದರೆ ಒಂದು ಕಂಪನಿಯ 52 ಇನ್ನೊಂದು ಕಂಪನಿಯ 54ರಷ್ಟಿರಬಹುದು. ಹಾಗಾಗಿ ಆನ್‌ಲೈನ್‌ನಲ್ಲಿ ಫೋಟೊ ನೋಡಿ ಆರ್ಡರ್ ಮಾಡುವ ಮುನ್ನ ಅದೇ ಮಾದರಿಯ ಮೇಲೆ ಒಮ್ಮೆ ಕುಳಿತು ನೋಡುವುದು ಒಳ್ಳೆಯದು.

ದೊಡ್ಡ ತಪ್ಪು ನಡೆಯುವುದು ಮಕ್ಕಳ ಸೈಕಲ್‌ನಲ್ಲಿ. ಶಾಲೆ ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸೋ ಹಾಗೆ, ‘ಮುಂದ ಬೆಳೀತಾನ್ ಬಿಡ್ರೀ’ ಎಂದು ಹದಿಮೂರರ ಹುಡುಗನಿಗೆ 54ರ ಫ್ರೇಮ್ ಕೊಡಿಸುವವರಿದ್ದಾರೆ. ಸಾಲ ಮಾಡಿ ಕೊಡಿಸಿದ ಸೈಕಲ್ ಅದು. ಹುಡುಗ ಹ್ಯಾಂಡಲ್ ಮುಟ್ಟಲು ಮೈಚಾಚಿ, ಸೊಂಟ ಅತ್ತಿತ್ತ ಹೊರಳಿಸಿ ತುಳಿಯುತ್ತಾನೆ. ಬ್ರೇಕ್ ಲಿವರ್‌ಗೆ ಬೆರಳು ಪೂರ್ತಿ ಸಿಗುವುದಿಲ್ಲ. ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಬೆಳೆಯುವ ಮಕ್ಕಳಿಗೆ ಈಗಿನ ಅಳತೆಯ ಹಳೆ ಸೈಕಲ್ ಕೊಂಡು, ಎರಡು ವರ್ಷದ ಮೇಲೆ ಮಾರಿ ಮುಂದಿನದಕ್ಕೆ ಹೋಗುವುದೇ ಉಳಿತಾಯ. ಫ್ರೇಮ್ ತುಸು ಚಿಕ್ಕದಾದರೆ ಸೀಟು ಎತ್ತರಿಸಿ, ಸ್ಟೆಮ್ ಬದಲಿಸಿ ಸರಿಮಾಡಬಹುದು. ದೊಡ್ಡದಾದ ಫ್ರೇಮನ್ನು ಗಿಡ್ಡ ಮಾಡಲು ಯಾವ ಮಿಸ್ತ್ರಿಗೂ ಆಗದು.

ಸೀಟಿನ ಎತ್ತರಕ್ಕೆ ಮನೆಯಲ್ಲೇ ಮಾಡುವ ಲೆಕ್ಕವಿದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಸಿಗುತ್ತದೆ. ಕಾಲಿನ ಅಳತೆ 80 ಸೆಂ.ಮೀ. ಇದ್ದರೆ ಸೀಟು 70.6 ಸೆಂ.ಮೀ. ಈ ಸೂತ್ರ ಟೂರ್ ಡಿ ಫ್ರಾನ್ಸ್ ಮೂರು ಸಲ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಬಳಕೆಯಲ್ಲಿದೆ. ಲೆಕ್ಕ ಬೇಡವೆಂದರೆ, ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗ ಇಟ್ಟಾಗ ಮಂಡಿ ಸ್ವಲ್ಪ ಬಾಗಬೇಕು. ಊರಲ್ಲಿ ಎರಡೂ ಕಾಲು ನೆಲಕ್ಕೆ ಮುಟ್ಟೋ ಹಾಗೆ ಸೀಟು ಇಳಿಸಿಕೊಂಡು ಓಡಿಸುವ ರೂಢಿ ಇದೆ. ರೋಡ್ ಸೈಕಲ್‌ನಲ್ಲಿ ಹಾಗೆ ಮೂವತ್ತು ಕಿಲೋಮೀಟರ್ ಹೋದರೆ ಮಂಡಿಯೇ ಬೇಡ ಅನ್ನುತ್ತದೆ.

ಗೇರ್ ಎಂದರೆ ಎಣಿಕೆ ಅಲ್ಲ

21 ಗೇರ್ ಇರುವ ಸೈಕಲ್ 16 ಗೇರ್‌ನದ್ದಕ್ಕಿಂತ ಮೇಲು ಎಂಬುದು ತಪ್ಪು ತಿಳಿವಳಿಕೆ. ನೋಡಬೇಕಾದದ್ದು ಹಲ್ಲುಗಳನ್ನು. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದಿನ ಕ್ಯಾಸೆಟ್‌ನಲ್ಲಿ 11ರಿಂದ 32 ಹಲ್ಲು ಇದ್ದರೆ ಹೊಸಬರಿಗೆ ಸಾಕು. 50–11ರಲ್ಲಿ ಒಂದು ಸುತ್ತು ತುಳಿದರೆ ಸೈಕಲ್ ಒಂಬತ್ತೂವರೆ ಮೀಟರ್ ಓಡುತ್ತದೆ. 34–32ರಲ್ಲಿ ಎರಡು ಕಾಲು ಮೀಟರ್ ಮಾತ್ರ, ಆದರೆ ಏರು ಹತ್ತುವಾಗ ಕಾಲಿಗೆ ಹಗುರ. ಭಾರಿ ಗೇರಿನಲ್ಲಿ ನಿಧಾನ ತುಳಿದರೆ ‘ಕಸುವು ಬರ್ತದ’ ಅನ್ನೋದು ಹಳೆ ಮಾತು. ನಿಮಿಷಕ್ಕೆ 80–90 ಸುತ್ತು ಹಗುರಾಗಿ ತುಳಿಯುವ ರೂಢಿ ಮಂಡಿಗೂ ಉಸಿರಿಗೂ ಹಿತ.

ಶಿಮಾನೊ ಕಂಪನಿಯ ರೋಡ್ ಗೇರ್‌ಗಳಲ್ಲಿ ಹಿಂದೆ 8 ಹಲ್ಲುಚಕ್ರ ಇರುವುದು ಕ್ಲಾರಿಸ್, 9 ಇದ್ದರೆ ಸೋರಾ, 10 ಇದ್ದರೆ ಟಿಯಾಗ್ರಾ. ಮೊದಲ ಸೈಕಲ್‌ಗೆ ಕ್ಲಾರಿಸ್ ಧಾರಾಳ ಸಾಕು, ಬಿಡಿಭಾಗವೂ ಅಗ್ಗ. ಬ್ರೇಕ್ ವಿಷಯದಲ್ಲಿ ಮಳೆಗೆ ಡಿಸ್ಕ್ ಮೇಲು. ಹಳ್ಳಿಯ ಸೈಕಲ್ ಅಂಗಡಿಯಲ್ಲೂ ರಿಪೇರಿ ಆಗಬೇಕೆಂದರೆ ರಿಮ್ ಬ್ರೇಕ್. ಕಾರ್ಬನ್ ಫ್ರೇಮ್, ಕ್ಲಿಪ್ ಪೆಡಲ್, ವ್ಯಾಟ್ ಮೀಟರ್ ಇವೆಲ್ಲ ಎರಡನೇ ವರ್ಷದ ಮಾತು. ಅಂತರರಾಷ್ಟ್ರೀಯ ರೇಸಿನಲ್ಲೂ ಸೈಕಲ್ ತೂಕ 6.8 ಕೆ.ಜಿ.ಗಿಂತ ಕಡಿಮೆ ಇರುವಂತಿಲ್ಲ. ಹತ್ತು ಕೆ.ಜಿ. ಸೈಕಲ್ ಮೇಲೆ ಎಂಬತ್ತು ಕೆ.ಜಿ. ಮನುಷ್ಯ ಕುಳಿತಾಗ, ಸೈಕಲ್‌ನ ಅರ್ಧ ಕೆ.ಜಿ.ಗೆ ಹತ್ತು ಸಾವಿರ ಕೊಡುವುದಕ್ಕಿಂತ ಎರಡು ಭಜಿ ಕಡಿಮೆ ತಿನ್ನುವುದು ಲಾಭ.

ಹಣ ಪೂರ್ತಿ ಸೈಕಲ್‌ಗೇ ಸುರಿಯಬೇಡಿ

ಕೈಯಲ್ಲಿ 50 ಸಾವಿರ ಇದ್ದರೆ ಸೈಕಲ್‌ಗೆ 40ರಿಂದ 42 ಸಾವಿರವಷ್ಟೇ. ಉಳಿದದ್ದು ಹೆಲ್ಮೆಟ್, ಹಿಂದಿನ ಕೆಂಪು ದೀಪ, ಮುಂದಿನ ಬಿಳಿ ದೀಪ, ಪಂಪ್, ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಅಲೆನ್ ಕೀ ಸೆಟ್, ಪ್ಯಾಡ್ ಇರುವ ಚಡ್ಡಿಗೆ ಬೇಕು.

ಹೆಲ್ಮೆಟ್ ಒಳಗೆ ಇಎನ್ 1078 ಅಥವಾ ಸಿಪಿಎಸ್‌ಸಿ ಎಂಬ ಗುರುತು ಇರಲಿ. ಹುಬ್ಬಿನಿಂದ ಎರಡು ಬೆರಳು ಮೇಲೆ ನೆಟ್ಟಗೆ ಕೂರಬೇಕು, ಹಿಂದಕ್ಕೆ ವಾಲಬಾರದು. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆಂದ ಕಂಡರೂ ಬದಲಿಸಬೇಕು. ಒಳಗಿನ ಥರ್ಮೋಕೋಲ್ ಒಂದೇ ಪೆಟ್ಟಿಗೆ ಅಂತಲೇ ಇರೋದು. ಪ್ಯಾಡ್ ಚಡ್ಡಿಯೊಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು ಎನ್ನುವುದನ್ನು ಅಂಗಡಿಯಲ್ಲಿ ಯಾರೂ ನಾಚಿಕೆಗೆ ಹೇಳುವುದಿಲ್ಲ. ಹಾಕಿದರೆ ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ. ಊರೊಳಗೆ ಮುಜುಗರ ಅನಿಸಿದರೆ ಮೇಲೊಂದು ಸಡಿಲ ಬರ್ಮುಡಾ ಹಾಕಿದರಾಯಿತು.

ಹಳೆ ಸೈಕಲ್ ಕೊಳ್ಳುವವರು ಬಿಲ್ ಕೇಳಬೇಕು, ಪೆಡಲ್ ಅಚ್ಚಿನ ಕೆಳಗೆ ಕೊರೆದಿರುವ ಫ್ರೇಮ್ ನಂಬರ್ ಅದಕ್ಕೆ ತಾಳೆಯಾಗುತ್ತದಾ ನೋಡಬೇಕು. ಫ್ರೇಮಿನ ಕೂಡುಗಳಲ್ಲಿ ಕೂದಲೆಳೆ ಬಿರುಕು ಇದ್ದರೆ ವ್ಯವಹಾರ ಅಲ್ಲಿಗೇ ಮುಗಿಸಿ. ಚೈನ್ ಸವೆದಿದೆಯೇ ಅಂತ ತಿಳಿಯಲು ಸ್ಟೀಲ್ ಪಟ್ಟಿ ಸಾಕು. ಒಂದು ಪಿನ್ನಿನ ನಡುವಿನಿಂದ ಎಣಿಸಿ 24ನೇ ಪಿನ್ನಿನ ನಡುವಿನವರೆಗೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಲ್ಲಿನ ಚಕ್ರಗಳೂ ಹೋಗಿರುತ್ತವೆ. ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಮಾತಾಡಬೇಕು.

ಜಾಲಿ ಮುಳ್ಳಿನ ನಾಡಿನ ಟೈರ್

ರೇಸ್ ಹುಡುಗರನ್ನು ನೋಡಿ ಹೊಸಬರು 23 ಮಿ.ಮೀ. ಟೈರ್ ಕೇಳುತ್ತಾರೆ. ಈ ಜಿಲ್ಲೆಯ ರಸ್ತೆಗೆ 28 ಇಲ್ಲವೇ ಫ್ರೇಮ್‌ನಲ್ಲಿ ಹಿಡಿದರೆ 32 ಮಿ.ಮೀ. ಒಳ್ಳೆಯದು. ದಾರಿಬದಿಗೆಲ್ಲ ಬಳ್ಳಾರಿ ಜಾಲಿ. ಕಡಿದು ಸಾಗಿಸುವಾಗ ಉದುರಿದ ಮುಳ್ಳು ರಸ್ತೆ ಅಂಚಿನಲ್ಲೇ ಬಿದ್ದಿರುತ್ತದೆ. ಪಂಕ್ಚರ್ ತಡೆ ಪಟ್ಟಿ ಇರುವ ಟೈರ್‌ಗೆ ಕೆಲವು ನೂರು ರೂಪಾಯಿ ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಹೊಸ ಟ್ಯೂಬೂ ನೂರು ಮಾರು ದಾಟುವುದಿಲ್ಲ.

ಹವಾ ಹಾಕುವುದೂ ಕಲಿಯಬೇಕಾದ ಕೆಲಸ. ರೋಡ್ ಸೈಕಲ್‌ನ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್‌ಗೆ ಪೆಟ್ರೋಲ್ ಬಂಕಿನ ಪೈಪ್ ಕೂರುವುದಿಲ್ಲ. ತುದಿಯ ಪುಟ್ಟ ನಟ್ ಸಡಿಲಿಸಿ, ಒಮ್ಮೆ ಒತ್ತಿ, ಆಮೇಲೆ ಪಂಪ್ ಹಿಡಿಯಬೇಕು. ಚಿಕ್ಕದೊಂದು ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿದ್ದರೆ ಯಾವ ಹಳ್ಳಿಯಲ್ಲೂ ಹವಾ ಸಿಗುತ್ತದೆ. 70 ಕೆ.ಜಿ. ತೂಕದವರಿಗೆ 28 ಮಿ.ಮೀ. ಟೈರ್‌ನಲ್ಲಿ 75–85 ಪಿಎಸ್‌ಐ ಸಾಕು. ಟೈರ್ ಬದಿಯಲ್ಲಿ ಬರೆದ ಗರಿಷ್ಠ ಅಂಕಿಯವರೆಗೂ ತುಂಬಿದರೆ ಪ್ರತಿ ತಗ್ಗೂ ಮೈಗೆ ಲೆಕ್ಕ ಕೊಡುತ್ತದೆ.

ಮೊದಲ ತಿಂಗಳು

ಮೊದಲ ವಾರ ದಿನ ಬಿಟ್ಟು ದಿನ 10–15 ಕಿ.ಮೀ., ಆಮೇಲೆ ವಾರಕ್ಕೆ ಸ್ವಲ್ಪಸ್ವಲ್ಪ ಹೆಚ್ಚು. ನಗರದಿಂದ ತಿಕೋಟಾ ಸುಮಾರು 20 ಕಿ.ಮೀ.; ತಿಂಗಳ ಕೊನೆಗೆ ಹೋಗಿ ಬರುವುದು ಒಳ್ಳೆಯ ಗುರಿ. ಮುಂಗಾರಿನಲ್ಲಿ ಪಡುವಣ ಗಾಳಿ ಜೋರು. ಆಗ ಗಾಳಿಗೆ ಎದುರಾಗಿ ಹೊರಟು, ದಣಿದ ಮೇಲೆ ಬೆನ್ನಿಗೆ ಗಾಳಿ ಬರುವಂತೆ ಹಿಂದಿರುಗಬೇಕು. ಅಂದರೆ ತಿಕೋಟಾ ಕಡೆಯೇ ಮೊದಲು. ಗಾಳಿ ಬೆನ್ನಿಗಿದೆ ಅಂತ ಸಿಂದಗಿ ದಾರಿಯಲ್ಲಿ ಹಾರಿಹೋದವರು ವಾಪಸ್ ಬರುವಾಗ ಟಂಟಂ ಹುಡುಕಿದ್ದುಂಟು.

ಏಪ್ರಿಲ್–ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿದು. ಎಂಟು ಗಂಟೆಯೊಳಗೆ ಮನೆ ಸೇರಬೇಕು. ಒಂದು ಗಂಟೆಗಿಂತ ಹೆಚ್ಚಿನ ಸವಾರಿಗೆ ಎರಡು ಬಾಟಲಿ: ಒಂದರಲ್ಲಿ ನೀರು, ಇನ್ನೊಂದರಲ್ಲಿ ಉಪ್ಪು–ಸಕ್ಕರೆ ಹಾಕಿದ ಲಿಂಬು ಶರಬತ್. ಇಂಡಿಯ ಲಿಂಬೆ ಮನೆ ಬಾಗಿಲಲ್ಲೇ ಇರುವಾಗ ಬಣ್ಣದ ಪುಡಿಗೆ ದುಡ್ಡು ಸುರಿಯೋದು ಯಾಕೆ?

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಕಬ್ಬಿನ ಹಂಗಾಮಿನಲ್ಲಿ. ಹಿಂದಿನ ದೀಪವೇ ಇಲ್ಲದ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ನಸುಕಿನಲ್ಲಿ ರಸ್ತೆ ಮೇಲೆಯೇ ಕೆಟ್ಟು ನಿಂತಿರುತ್ತವೆ. ಬಿದ್ದ ಕಬ್ಬಿನ ಜಲ್ಲೆ ಮೇಲೆ ಸಣ್ಣ ಟೈರ್ ಜಾರುತ್ತದೆ. ರಾಶಿ ಕಾಲದಲ್ಲಿ ರಸ್ತೆ ಮೇಲೆ ಹರಡಿದ ತೊಗರಿ ಕಟ್ಟಿಗೆಯೂ ಹಾಗೆಯೇ. ಬೆಳಕು ಹರಿಯದೆ ಹೆದ್ದಾರಿಗೆ ಇಳಿಯಬಾರದು, ಸರ್ವಿಸ್ ರಸ್ತೆ ಇದ್ದಲ್ಲಿ ಅದನ್ನೇ ಹಿಡಿಯಬೇಕು, ಕಿವಿಯಲ್ಲಿ ಇಯರ್‌ಫೋನ್ ಇರಬಾರದು. ಗುಂಪಿನಲ್ಲಿ ಹೋಗುವಾಗ ಮುಂದಿನವರ ಚಕ್ರಕ್ಕೆ ಅಂಟಿಕೊಳ್ಳದೆ ಅಂತರ ಇಡಬೇಕು; ತಗ್ಗು ಕಂಡವರು ಕೈಯಿಂದ ತೋರಿಸಬೇಕು.

ಹೊಸ ಸೈಕಲ್‌ನ ಕೇಬಲ್‌ಗಳು ಒಂದಷ್ಟು ದಿನದಲ್ಲಿ ಸಡಿಲಾಗಿ ಗೇರ್ ತಾನಾಗಿ ಜಿಗಿಯುತ್ತದೆ. ಕೆಟ್ಟಿತೆಂದು ಗಾಬರಿ ಬೇಡ. ಇನ್ನೂರು ಕಿ.ಮೀ. ಓಡಿದ ಮೇಲೆ ಕೊಂಡ ಅಂಗಡಿಗೇ ಒಯ್ದು ಬಿಗಿ ಮಾಡಿಸಬೇಕು. ಎರಿ ಮಣ್ಣಿನ ರಾಡಿಯಲ್ಲಿ ಹೋಗಿ ಬಂದ ದಿನವೇ ಬ್ರೇಕ್, ಚೈನ್ ತೊಳೆದು ಒರೆಸಿ ಎಣ್ಣೆ ಬಿಡಬೇಕು. ಒಣಗಿದ ಮೇಲೆ ಅದು ಸಿಮೆಂಟ್.

ರೇಸ್‌ಗೆ ಹೋಗುವ ಮಕ್ಕಳ ಪೋಷಕರು ಸೈಕಲ್ ಕೊಳ್ಳುವ ಮುನ್ನ ತರಬೇತುದಾರರ ಎದುರು ಅಳತೆ ಮಾಡಿಸಿಕೊಳ್ಳುವುದು ಲೇಸು. ದೊಡ್ಡವರಿಗೆ ಸ್ಪರ್ಧೆ ಬೇಡ, ದೂರ ಹೋಗಬೇಕು ಅಂತಿದ್ದರೆ ಬ್ರೆವೆ ಸವಾರಿಗಳಿವೆ. 18 ತುಂಬಿರಬೇಕು, ಇಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಇಲ್ಲ. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದಲ್ಲಿ, 300 ಕಿ.ಮೀ.ಯನ್ನು 20 ಗಂಟೆಯಲ್ಲಿ ಮುಗಿಸಿದರೆ ಸಾಕು, ಚಹಾ ಕುಡಿಯಲು ನಿಂತ ಹೊತ್ತೂ ಸೇರಿ.